ಪರೀಕ್ಷೆಯಲ್ಲಿ ಸೋತ ಮೆಂಡೆಲ್

ತಳಿಶಾಸ್ತ್ರದ ಜನಕನೆಂದು ಲೋಕವು ಕೊಂಡಾಡುವ ಗ್ರೆಗೊರ್ ಮೆಂಡೆಲನು ಉಪಾಧ್ಯಾಯ ಪದವಿಯ ಪರೀಕ್ಷೆಯಲ್ಲಿ ಒಮ್ಮೆಯೂ ತೇರ್ಗಡೆಯಾಗಲಿಲ್ಲವೆಂದರೆ ನಮ್ಮಲ್ಲಿ ಹಲವರಿಗೆ ಆಶ್ಚರ್ಯವಾದೀತು. ಕೆಲವರಿಗೆ ಸಮಾಧಾನವೂ ಆದೀತು.

ಮೆಂಡೆಲನು 1822ರಲ್ಲಿ, ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದು ಇಂದು ಚೆಕ್ ಗಣರಾಜ್ಯದಲ್ಲಿರುವ ಒಂದು ಹಳ್ಳಿಯಲ್ಲಿ ಬಡ ರೈತನ ಮಗನಾಗಿ ಜನಿಸಿದನು. ಮರವೊಂದು ಮೇಲೆ ಬಿದ್ದು ತಂದೆಯು ದುಡಿಮೆಗೆ ಅಶಕ್ತನಾದಾಗ, ತಂಗಿ ತೆರೇಸಿಯಾ ತನ್ನ ಮದುವೆಗೆ ಮೀಸಲಾಗಿದ್ದ ಹಣದ ಒಂದು ಪಾಲನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಆದರೂ ಹೊಟ್ಟೆಯ ಚಿಂತೆ ನೀಗಲಿಲ್ಲ. 1843ರಲ್ಲಿ ಆತನು ಬರ್ನೊ ನಗರದ ಸಂತ ಥಾಮಸರ ಮಠವನ್ನು ಸೇರಿದನು.

ರೋಗಿಗಳ ಮನೆಗೆ ಹೋಗಿ ಸಾಂತ್ವನ ಹೇಳುವುದು ಪಾದ್ರಿಯ ಕರ್ತವ್ಯ. ನೋವನ್ನು ಕಂಡು ತಾನೇ ಹಾಸಿಗೆ ಹಿಡಿಯುವಷ್ಟು ಮೃದುಮನಸ್ಸಿನ ಮೆಂಡೆಲನಿಗೆ ಅದು ಒಗ್ಗಲಿಲ್ಲ. ಮಠಾಧಿಪತಿ ನಾಪ್ ಆತನನ್ನು ಶಾಲೆಯೊಂದಕ್ಕೆ ಬದಲಿ ಉಪಾಧ್ಯಾಯನನ್ನಾಗಿ ಕಳುಹಿಸಿದನು. ಕಾಯಂ ಆಗಲು 1850ರಲ್ಲಿ ಪರೀಕ್ಷೆಗೆ ಕುಳಿತ ಮೆಂಡೆಲನು ಪ್ರಕೃತಿವಿಜ್ಞಾನದಲ್ಲಿ ಸೋತನು! ಆದರೆ ಆ ಸೋಲೇ ಆತನಿಗೆ ವಿಯೆನ್ನಾ ವಿಶ್ವವಿದ್ಯಾನಿಲಯದ ಬಾಗಿಲನ್ನು ತೆರೆಯಿತು. ಕ್ರಮವಾದ ಶಿಕ್ಷಣದ ಕೊರತೆಯನ್ನು ನೀಗಲೆಂದು ಮಠವು 1851ರಲ್ಲಿ ಆತನನ್ನು ಅಲ್ಲಿಗೆ ಕಳುಹಿಸಿತು. ಡಾಪ್ಲರನಿಂದ ಭೌತಶಾಸ್ತ್ರವನ್ನೂ, ಉಂಗರ್‌ನಿಂದ ಸಸ್ಯಶಾಸ್ತ್ರವನ್ನೂ ಕಲಿತು ಹಿಂದಿರುಗಿದನು. 1856ರಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಹೋಗಿ, ಅಸ್ವಸ್ಥನಾಗಿ, ಬರಿಗೈಯಲ್ಲಿ ಬಂದನು. 1868ರವರೆಗೂ ಬದಲಿ ಉಪಾಧ್ಯಾಯನಾಗಿಯೇ ಉಳಿದನು.

ಅದೇ 1856ರಲ್ಲಿ ಮಠದ ತೋಟದಲ್ಲಿ ಬಟಾಣಿಯ ಸಂಕರ ಪ್ರಯೋಗಗಳನ್ನು ಆರಂಭಿಸಿದನು. ಅಲ್ಲಿಯವರೆಗೆ ಸಂಕರವನ್ನು ಪರೀಕ್ಷಿಸಿದವರು ಗಿಡವನ್ನು ಒಟ್ಟಾಗಿ ನೋಡಿ ವರ್ಣಿಸುತ್ತಿದ್ದರು. ಮೆಂಡೆಲನು ಭೌತಶಾಸ್ತ್ರದ ವಿದ್ಯಾರ್ಥಿಯಂತೆ ಒಂದೊಂದು ಗುಣವನ್ನು ಬೇರೆಬೇರೆಯಾಗಿ ತೆಗೆದುಕೊಂಡು ಎಣಿಸಿದನು. ಹೀಗೆ ಏಳು ಗುಣಗಳು, ಎಂಟು ವರ್ಷಗಳು, ಸುಮಾರು 28,000 ಗಿಡಗಳು! ದುಂಡು ಬೀಜದ ಗಿಡಕ್ಕೂ ಸುಕ್ಕು ಬೀಜದ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡು. ಸುಕ್ಕು ಅಳಿಯಿತೇ? ಇಲ್ಲ. ಮುಂದಿನ ಪೀಳಿಗೆಯಲ್ಲಿ 5,474 ದುಂಡು ಬೀಜಗಳೊಡನೆ 1,850 ಸುಕ್ಕು ಬೀಜಗಳು ಮರಳಿ ಬಂದವು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಇತರ ಗುಣಗಳಲ್ಲಿಯೂ ಇದೇ ಲೆಕ್ಕ. ಪ್ರತಿಯೊಂದು ಗುಣಕ್ಕೂ ತಂದೆಯಿಂದೊಂದು, ತಾಯಿಯಿಂದೊಂದು ಅಂಶವು ಬರುತ್ತದೆ. ಮರೆಯಾದ ಅಂಶವು ಕರಗಿಹೋಗದೆ ಕಾದಿರುತ್ತದೆ ಎಂದು ಆತನು ಊಹಿಸಿದನು.

1865ರಲ್ಲಿ ಬರ್ನೊ ನಗರದ ಪ್ರಕೃತಿವಿಜ್ಞಾನ ಸಂಘದಲ್ಲಿ ಈ ಪ್ರಬಂಧವನ್ನು ಓದಿದನು; ಮರುವರ್ಷ ಅದು ಅಚ್ಚಾಯಿತು. ಅದರ ಮಹತ್ತ್ವವನ್ನು ಅರಿತವರು ಯಾರೂ ಇಲ್ಲ. ಬಳಿಕ ಹಾಕ್‌ವೀಡ್ ಎಂಬ ಗಿಡದಲ್ಲಿ ತನ್ನ ನಿಯಮವನ್ನು ಪರೀಕ್ಷಿಸಹೊರಟನು. ಅದರ ಪುಟ್ಟ ಹೂಗಳೊಡನೆ ಹೆಣಗಿ ಕಣ್ಣು ನೋಯಿಸಿಕೊಂಡದ್ದೇ ಬಂತು, ಲೆಕ್ಕ ಕೂಡಲಿಲ್ಲ. ಆ ಗಿಡವು ಎಷ್ಟೋ ವೇಳೆ ಪರಾಗದ ನೆರವಿಲ್ಲದೆಯೇ ಬೀಜ ಕಟ್ಟುತ್ತದೆಯೆಂಬುದು ಮುಂದೆ ತಿಳಿದುಬಂದ ಸಂಗತಿ. ಮೆಂಡೆಲನು ತನಗೆ ಪ್ರತಿಕೂಲವಾದ ಈ ಫಲವನ್ನು ಮುಚ್ಚಿಡದೆ, 1869ರಲ್ಲಿ ಅದೇ ಸಂಘದ ಮುಂದೆ ಓದಿದನು.

1868ರಲ್ಲಿ ಮಠಾಧಿಪತಿಯಾದ ಮೇಲೆ, ಮಠದ ತೆರಿಗೆಯ ವಿಷಯದಲ್ಲಿ ಸರ್ಕಾರದೊಡನೆ ನಡೆದ ವ್ಯಾಜ್ಯದಲ್ಲಿ ಕಾಲವು ಸವೆಯಿತು. 1884ರ ಜನವರಿ 6ರಂದು ಆತನು ತೀರಿಕೊಂಡನು. 1900ರಲ್ಲಿ ದ ವ್ರೀಸ್, ಕೋರೆನ್ಸ್ ಮತ್ತು ಚೆರ್ಮಾಕ್ ಎಂಬ ಮೂವರು ವಿಜ್ಞಾನಿಗಳು ಆ ಹಳೆಯ ಪ್ರಬಂಧದ ಬೆಲೆಯನ್ನು ಲೋಕಕ್ಕೆ ಸಾರಿದರು.

ಸೋತವರೆಲ್ಲರೂ ಮೆಂಡೆಲರಾಗುವುದಿಲ್ಲ, ನಿಜ. ಆತನಿಗೂ ಗೆಲುವಿನ ಸುದ್ದಿ ಬದುಕಿರುವಾಗ ಮುಟ್ಟಲಿಲ್ಲ. ಆದರೂ ಪದವಿ ಕೈತಪ್ಪಿದ ಆ ಬದಲಿ ಉಪಾಧ್ಯಾಯನು ಪಾಠ ಮುಗಿಸಿ ತೋಟಕ್ಕೆ ಹೋಗಿ, ಕಂಡದ್ದನ್ನು ಕಂಡಂತೆಯೇ ಎಣಿಸಿ ಬರೆದಿಟ್ಟನು. ಫಲಿತಾಂಶದ ಪಟ್ಟಿಯ ಮುಂದೆ ಕಳೆಗುಂದಿ ನಿಲ್ಲುವ ಗೆಳೆಯರು ಇಷ್ಟನ್ನು ನೆನೆದರೆ ಸಾಕು.