ಬೀದಿ ನಾಯಿಗಳ ಪರ ನಿಂತ ಹೆನ್ರಿ ಬರ್ಗ್, ನಾಯಿ ದೊಡ್ಡಿಯ ಬೀಗದ ಕೈ ಬೇಡ ಎಂದಿದ್ದೇಕೆ?

ಬೀದಿ ನಾಯಿಗಳ ವಿಷಯ ಸುದ್ದಿಗೆ ಬಂದಾಗಲೆಲ್ಲ ನಮ್ಮ ಫೋನ್‌ಗಳಿಗೆ ಎರಡು ಬಗೆಯ ಫಾರ್ವರ್ಡ್‌ಗಳು ಬರುತ್ತವೆ. ಮೊದಲನೆಯದು, ಅಮೆರಿಕದ ಬೀದಿಗಳಲ್ಲಿ ಒಂದೂ ನಾಯಿ ಕಾಣುವುದಿಲ್ಲ, ನಾವೂ ಎಲ್ಲವನ್ನೂ ಹಿಡಿದು ಶೆಲ್ಟರ್‌ಗೆ ಹಾಕಿದರೆ ಮುಗಿಯಿತು ಎನ್ನುವುದು. ಎರಡನೆಯದು, ನಾಯಿ ಪಾಪದ ಪ್ರಾಣಿ, ರೇಬೀಸ್ ಎಂಬುದು ಸುಮ್ಮನೆ ಹುಟ್ಟಿಸಿದ ಭಯ ಎನ್ನುವುದು. ನಮ್ಮಲ್ಲಿ ಅನೇಕರು ಈ ಎರಡರಲ್ಲಿ ಒಂದನ್ನು ಓದಿ, ಹೌದಲ್ಲ ಎನಿಸಿ, ಮುಂದಕ್ಕೆ ಕಳಿಸಿಯೂ ಇರುತ್ತೇವೆ.

ಅಮೆರಿಕದ ಬೀದಿಗಳು ಹೇಗೆ ಖಾಲಿಯಾದವು ಎಂದು ಹುಡುಕುತ್ತಾ ಹೋದರೆ ನಮಗೆ ಸಿಗುವ ಹೆಸರುಗಳಲ್ಲಿ ದೊಡ್ಡದು ಹೆನ್ರಿ ಬರ್ಗ್. ಅಮೆರಿಕದ ಮೊದಲ ಪ್ರಾಣಿ ದಯಾ ಸಂಘ ಕಟ್ಟಿದ ವ್ಯಕ್ತಿ. ಆತನ ಬದುಕಿನಲ್ಲಿ ಈ ಎರಡೂ ಫಾರ್ವರ್ಡ್‌ಗಳಿಗೆ ಉತ್ತರವಿದೆ. ಒಂದಕ್ಕೆ ಆತ ಸರಿಯಾಗಿದ್ದರಿಂದ, ಇನ್ನೊಂದಕ್ಕೆ ಆತ ತಪ್ಪಿದ್ದರಿಂದ.

ಯಾರು ಈ ಬರ್ಗ್?

ಹೆನ್ರಿ ಬರ್ಗ್ ಹುಟ್ಟಿದ್ದು 1813ರಲ್ಲಿ, ನ್ಯೂಯಾರ್ಕ್‌ನಲ್ಲಿ. ತಂದೆ ಹಡಗು ಕಟ್ಟುವ ಉದ್ಯಮಿ, ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ. ಬರ್ಗ್ ಕಾಲೇಜಿಗೆ ಸೇರಿದರೂ ಓದು ಮುಗಿಸಲಿಲ್ಲ. ಯುರೋಪ್ ಸುತ್ತಿದರು, ನಾಟಕ ಬರೆದರು, ನಾಟಕಗಳು ಹೆಸರು ತರಲಿಲ್ಲ. ಐವತ್ತು ವರ್ಷ ಆಗುವವರೆಗೆ ಅವರನ್ನು ಜಗತ್ತು ನೆನಪಿಡುವಂಥ ಕೆಲಸವೇನೂ ಅವರಿಂದ ಆಗಿರಲಿಲ್ಲ.

1863ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರನ್ನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಅಮೆರಿಕದ ರಾಯಭಾರ ಕಚೇರಿಗೆ ಕಾರ್ಯದರ್ಶಿಯಾಗಿ ಕಳಿಸಿದರು. ಅಲ್ಲಿನ ಬೀದಿಯಲ್ಲಿ ಗಾಡಿ ಹೊಡೆಯುವವನೊಬ್ಬ ಕುದುರೆಯನ್ನು ಮನಬಂದಂತೆ ಬಡಿಯುತ್ತಿದ್ದುದನ್ನು ಕಂಡು ಬರ್ಗ್ ತಡೆದರು. ಅಧಿಕಾರಿಯ ಸಮವಸ್ತ್ರಕ್ಕೆ ಹೆದರಿ ಗಾಡಿಯವ ಕೈ ಇಳಿಸಿದ. ಊರಿಗೆ ಮರಳುವ ದಾರಿಯಲ್ಲಿ ಬರ್ಗ್ ಲಂಡನ್‌ನಲ್ಲಿ ಇಳಿದು, 1824ರಲ್ಲೇ ಶುರುವಾಗಿದ್ದ ಇಂಗ್ಲೆಂಡಿನ ಪ್ರಾಣಿ ದಯಾ ಸಂಘದವರನ್ನು ಕಂಡು, ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡರು.

1866ರ ಏಪ್ರಿಲ್ 10ರಂದು ನ್ಯೂಯಾರ್ಕ್‌ನಲ್ಲಿ ಎಎಸ್‌ಪಿಸಿಎ ಎಂಬ ಸಂಘ ನೋಂದಣಿಯಾಯಿತು. ಕೆಲವೇ ದಿನಗಳಲ್ಲಿ ಪ್ರಾಣಿ ಹಿಂಸೆ ತಡೆಯುವ ಕಾನೂನೂ ಬಂತು. ಅದನ್ನು ಜಾರಿ ಮಾಡುವ ಅಧಿಕಾರವನ್ನು ಸಂಘಕ್ಕೇ ಕೊಡಲಾಯಿತು. ಇದು ಜಗತ್ತಿನ ಮೊದಲ ಪ್ರಾಣಿ ದಯಾ ಸಂಘ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. ನಮ್ಮ ಕೋಲ್ಕತ್ತಾದಲ್ಲೇ ಇಂಥ ಸಂಘ 1861ರಲ್ಲಿ, ಅಂದರೆ ಐದು ವರ್ಷ ಮೊದಲೇ ಹುಟ್ಟಿತ್ತು.

ಊರು ನಕ್ಕರೂ ಬಿಡಲಿಲ್ಲ

ಉದ್ದನೆಯ ಕೋಟು, ಎತ್ತರದ ಟೋಪಿ, ಜೋತುಬಿದ್ದ ಮೀಸೆ. ಬರ್ಗ್ ಬೀದಿಗೆ ಇಳಿದರೆ ಜನ ಗುರುತು ಹಿಡಿಯುತ್ತಿದ್ದರು. ಕುಂಟುವ ಕುದುರೆ ಕಟ್ಟಿದ ಟ್ರಾಮ್ ಗಾಡಿಯನ್ನು ನಡುರಸ್ತೆಯಲ್ಲೇ ನಿಲ್ಲಿಸಿ ಪ್ರಯಾಣಿಕರನ್ನು ಇಳಿಸುತ್ತಿದ್ದರು. ಆಮೆಗಳ ಕಾಲಿಗೆ ತೂತು ಕೊರೆದು, ಅಂಗಾತ ಮಲಗಿಸಿ ಸಾಗಿಸಿದ ಹಡಗಿನ ಕ್ಯಾಪ್ಟನ್ ಮೇಲೆ ಮೊಕದ್ದಮೆ ಹೂಡಿ ಸೋತರು. ಪತ್ರಿಕೆಗಳು ವ್ಯಂಗ್ಯಚಿತ್ರ ಬರೆದು ನಕ್ಕವು. ಆದರೆ ಆ ನಗುವಿನಿಂದಲೇ ಪ್ರಾಣಿ ಹಿಂಸೆ ಅಪರಾಧ ಎನ್ನುವ ಮಾತು ಮನೆಮನೆಗೆ ತಲುಪಿತು.

ನಾಯಿಗಳ ಮಟ್ಟಿಗೆ ಅವರ ದೊಡ್ಡ ಹೋರಾಟ ನಡೆದದ್ದು ಕಾಳಗದ ಅಡ್ಡೆಗಳ ವಿರುದ್ಧ. ಬಂದರಿನ ಹತ್ತಿರದ ವಾಟರ್ ಸ್ಟ್ರೀಟ್‌ನಲ್ಲಿ ಕಿಟ್ ಬರ್ನ್ಸ್ ಎಂಬಾತನ ಅಡ್ಡೆಯಿತ್ತು. ಅಲ್ಲಿ ನಾಯಿಗಳನ್ನು ಒಂದಕ್ಕೊಂದು ಕಚ್ಚಾಡಿಸಿ, ಇಲಿಗಳ ಮೇಲೆ ಬಿಟ್ಟು, ಜನ ಬಾಜಿ ಕಟ್ಟುತ್ತಿದ್ದರು. 1870ರಲ್ಲಿ ದಾಳಿಯಾಗಿ ಅಡ್ಡೆ ಮುಚ್ಚಿತು.

ಬರ್ಗ್ ಬಗ್ಗೆ ಈಗಲೂ ಹರಿದಾಡುವ ಇನ್ನೊಂದು ಕಥೆಯಿದೆ. 1874ರಲ್ಲಿ ಮೇರಿ ಎಲೆನ್ ಎಂಬ ಹುಡುಗಿಯನ್ನು ಕ್ರೂರ ಸಾಕುತಾಯಿಯಿಂದ ಬಿಡಿಸಲು, ಮಕ್ಕಳಿಗೆ ಕಾನೂನೇ ಇರಲಿಲ್ಲವಾದ್ದರಿಂದ ಆಕೆಯನ್ನು ಪ್ರಾಣಿ ಎಂದು ತೋರಿಸಿ ಕೇಸ್ ಹಾಕಿದರು ಎಂಬ ಕಥೆ. ಅರ್ಧ ನಿಜ. ಹುಡುಗಿಯನ್ನು ಬಿಡಿಸಲು ಬರ್ಗ್ ಮತ್ತು ಅವರ ಸಂಘದ ವಕೀಲರು ನೆರವಾದದ್ದು ನಿಜ. ಆದರೆ ಪ್ರಾಣಿ ಕಾನೂನು ಬಳಸಲಿಲ್ಲ. ಬರ್ಗ್ ಒಬ್ಬ ಸಾಮಾನ್ಯ ನಾಗರಿಕನಾಗಿ ನ್ಯಾಯಾಲಯಕ್ಕೆ ಹೋದರು, ಅಕ್ರಮವಾಗಿ ಹಿಡಿದಿಟ್ಟವರನ್ನು ಹಾಜರುಪಡಿಸುವ ಕಾನೂನಿನಡಿ ಆಕೆ ಬಿಡುಗಡೆಯಾದಳು.

ಆ ಕಾಲದ ನಾಯಿ ದೊಡ್ಡಿ ಹೇಗಿತ್ತು?

ಬೀಡಾಡಿ ದನ ಕೂಡಿಹಾಕುವ ದೊಡ್ಡಿ ನಮ್ಮ ಹಳ್ಳಿಗಳಲ್ಲಿ ಗೊತ್ತಿರುವುದೇ. ನ್ಯೂಯಾರ್ಕ್‌ನಲ್ಲಿ ನಾಯಿಗಳಿಗೂ ಅಂಥದ್ದೊಂದು ಇತ್ತು. ಬೇಸಿಗೆ ಬಂತೆಂದರೆ ನಗರಕ್ಕೆ ಹುಚ್ಚುನಾಯಿಯ ಭಯ. ಬಿಸಿಲಿಗೆ ನಾಯಿಗೆ ಹುಚ್ಚು ಹಿಡಿಯುತ್ತದೆ ಎಂದು ಜನ ನಂಬಿದ್ದರು. ಇದು ಸುಳ್ಳು. ರೇಬೀಸ್ ಬರುವುದು ವೈರಸ್‌ನಿಂದ, ಬಿಸಿಲಿನಿಂದಲ್ಲ, ಮತ್ತು ಅದು ಯಾವ ತಿಂಗಳಲ್ಲಾದರೂ ಬರಬಹುದು. ಆದರೂ ಆ ನಂಬಿಕೆಯ ಮೇಲೆಯೇ ಪ್ರತಿ ಬೇಸಿಗೆ ನಾಯಿ ಹಿಡಿಯುವ ಕೆಲಸ ನಡೆಯುತ್ತಿತ್ತು.

ನಾಯಿ ತಂದುಕೊಟ್ಟವರಿಗೆ ತಲೆಗಿಷ್ಟು ಎಂದು ಸೆಂಟ್ ಲೆಕ್ಕದಲ್ಲಿ ದುಡ್ಡು. ದುಡ್ಡು ಇಟ್ಟ ಮೇಲೆ ಏನಾಗುತ್ತದೋ ಅದೇ ಆಯಿತು. ಹುಡುಗರು ಮನೆ ಮುಂದೆ ಕಟ್ಟಿದ್ದ ಸಾಕುನಾಯಿಗಳನ್ನೂ ಕದ್ದು ತಂದರು. ಮಾಲೀಕರು ಹುಡುಕಿಕೊಂಡು ಬರದ ನಾಯಿಗಳಿಗೆ ಸಾವೇ ಗತಿ. ಮೊದಲು ದೊಣ್ಣೆಯಿಂದ ಹೊಡೆದು ಕೊಲ್ಲುತ್ತಿದ್ದರು. ಆಮೇಲೆ ಅದಕ್ಕಿಂತ ವಾಸಿ ಎಂದು, ಕಬ್ಬಿಣದ ಪಂಜರದಲ್ಲಿ ಹತ್ತಾರು ನಾಯಿ ತುಂಬಿ, ಕ್ರೇನ್‌ನಿಂದ ಎತ್ತಿ ಈಸ್ಟ್ ನದಿಗೆ ಇಳಿಸುತ್ತಿದ್ದರು. ಕೆಲ ನಿಮಿಷ ಬಿಟ್ಟು ಪಂಜರ ಮೇಲೆತ್ತಿ, ಖಾಲಿ ಮಾಡಿ, ಮತ್ತೆ ತುಂಬುವುದು. 1877ರ ಜುಲೈನಲ್ಲಿ ಒಂದೇ ದಿನ ಹೀಗೆ 750ಕ್ಕೂ ಹೆಚ್ಚು ನಾಯಿಗಳನ್ನು ಮುಳುಗಿಸಿ ಕೊಂದರು.

ನಗರ ಖರ್ಚು ಕೊಡುತ್ತದೆ, ದೊಡ್ಡಿಯನ್ನು ನೀವೇ ನಡೆಸಿ ಎಂಬ ಮಾತು ಬರ್ಗ್ ಮುಂದೆ ಬಂದಾಗ ಅವರು ಒಪ್ಪಲಿಲ್ಲ. ಪ್ರಾಣಿಯನ್ನು ಕಾಯುವ ಸಂಘವೇ ಕೊಲ್ಲುವ ಕೆಲಸ ವಹಿಸಿಕೊಂಡರೆ, ಮುಂದೆ ಕೊಲ್ಲುವುದೇ ಅದರ ಮುಖ್ಯ ಕೆಲಸವಾಗುತ್ತದೆ ಎಂಬುದು ಅವರ ಅಂಜಿಕೆ.

ಇದನ್ನು ಒಪ್ಪದವರೂ ಇದ್ದರು. ಫಿಲಡೆಲ್ಫಿಯಾದ ಕ್ಯಾರೊಲಿನ್ ಅರ್ಲ್ ವೈಟ್ ಎಂಬ ಮಹಿಳೆ ಮತ್ತು ಅವರ ಜೊತೆಗಾರ್ತಿಯರು 1870ರ ಸುಮಾರಿಗೆ ತಮ್ಮ ಊರಿನ ನಾಯಿಗಳ ಹೊಣೆಯನ್ನು ತಾವೇ ತೆಗೆದುಕೊಂಡರು. ನಾಯಿಗೆ ನೀರು, ಊಟ, ನೆರಳು ಕೊಟ್ಟರು, ಸಾಕುವವರನ್ನು ಹುಡುಕಿದರು. ಯಾರೂ ಸಿಗದಿದ್ದರೆ ದೊಣ್ಣೆಯ ಬದಲು ನೋವು ಕಡಿಮೆ ಮಾಡುವ ದಾರಿ ನೋಡಿದರು. ಅಮೆರಿಕದ ಇಂದಿನ ಶೆಲ್ಟರ್‌ಗಳ ಬೇರು ಇಲ್ಲಿದೆ. ನಾಯಿ ಹೇಗಿದ್ದರೂ ಸಾಯುತ್ತದೆ ಎಂದಾದರೆ ಸಾವನ್ನಾದರೂ ಹಗುರ ಮಾಡೋಣ ಎಂದು ಇವರು ಹೊರಟರು, ಆ ಕೆಲಸಕ್ಕೆ ನಾನು ಕೈ ಹಾಕಲಾರೆ ಎಂದು ಬರ್ಗ್ ನಿಂತರು. ಇಬ್ಬರಲ್ಲಿ ಯಾರು ಸರಿ ಎಂದು ಈಗಲೂ ಸುಲಭವಾಗಿ ಹೇಳಲಾಗುವುದಿಲ್ಲ.

ಬರ್ಗ್ ಎಡವಿದ್ದು ಎಲ್ಲಿ?

ನಾಯಿ ಪ್ರೇಮಿಗಳ ಫಾರ್ವರ್ಡ್‌ಗಳಲ್ಲಿ ಈ ಭಾಗ ಇರುವುದಿಲ್ಲ. ನಾವು ಬಿಡುವಂತಿಲ್ಲ.

ಬೇಸಿಗೆಯಲ್ಲಿ ನಾಯಿ ಬಾಯಿಗೆ ಕುಕ್ಕೆ ಕಟ್ಟುವುದನ್ನು ಬರ್ಗ್ ವಿರೋಧಿಸಿದರು. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಬಾಯಿ ತೆರೆದು ತೇಕುವುದರಿಂದ, ಆದ್ದರಿಂದ ಬಿಗಿ ಕುಕ್ಕೆ ಹಿಂಸೆ ಎಂಬ ಅವರ ವಾದದಲ್ಲಿ ಹುರುಳಿತ್ತು. ಹುಚ್ಚು ಎಂದು ಬಡಿದು ಕೊಂದ ನಾಯಿಗಳಲ್ಲಿ ಅನೇಕಕ್ಕೆ ರೇಬೀಸ್ ಇರಲಿಲ್ಲ ಎಂಬುದೂ ಸರಿ. ಆದರೆ ಅಲ್ಲಿಂದ ಮುಂದೆ ಹೋಗಿ, ರೇಬೀಸ್ ಎಂಬುದೇ ತೀರಾ ಅಪರೂಪ, ಬಹುಪಾಲು ಭಯದ ಸೃಷ್ಟಿ ಎಂಬ ನಿಲುವಿಗೆ ಬಂದರು. ಸಿಡುಬಿನ ಲಸಿಕೆಯನ್ನೂ ಅವರು ನಂಬುತ್ತಿರಲಿಲ್ಲ.

1885ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್, ಹುಚ್ಚುನಾಯಿ ಕಚ್ಚಿದ 9 ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಡಿಸಿದರು. ಹುಡುಗ ಬದುಕಿದ. ಅದೇ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್‌ನಲ್ಲಿ ನಾಯಿ ಕಚ್ಚಿದ ನಾಲ್ವರು ಹುಡುಗರನ್ನು ಜನ ಚಂದಾ ಎತ್ತಿ ಹಡಗು ಹತ್ತಿಸಿ ಪ್ಯಾರಿಸ್‌ಗೆ ಕಳಿಸಿದರು. ಅಮೆರಿಕದ ಪತ್ರಿಕೆಗಳೆಲ್ಲ ಅದೇ ಸುದ್ದಿ. ಬರ್ಗ್ ಮಾತ್ರ ಪಾಶ್ಚರ್ ವಿರುದ್ಧವೇ ನಿಂತರು. ಪ್ರಯೋಗಶಾಲೆಯಲ್ಲಿ ಪ್ರಾಣಿಗಳು ಪಟ್ಟ ನೋವು ಅವರಿಗೆ ಕಂಡಿತು, ಅದು ಇದ್ದದ್ದೂ ನಿಜ. ಆದರೆ ಆ ಲಸಿಕೆಯ ದಾರಿಯಲ್ಲೇ ಮುಂದೆ ನಾಯಿಗಳಿಗೂ ಲಸಿಕೆ ಬಂತು. ಮನುಷ್ಯ ನಾಯಿಗೆ ಹೆದರಿ ದೊಣ್ಣೆ ಎತ್ತುವ ಕಾರಣವನ್ನೇ ತೆಗೆದುಹಾಕಬಲ್ಲ ಔಷಧ ಅದು. ನಾಯಿಗಳ ಅಷ್ಟು ದೊಡ್ಡ ಗೆಳೆಯನಿಗೆ ಅದು ಕಾಣಲಿಲ್ಲ.

ಬರ್ಗ್ ತೀರಿಕೊಂಡದ್ದು 1888ರ ಮಾರ್ಚ್ 12ರಂದು, ನ್ಯೂಯಾರ್ಕ್ ಭಾರಿ ಹಿಮಪಾತದಲ್ಲಿ ಹೂತುಹೋಗಿದ್ದ ದಿನ. ಅವರಿಗೆ ಮಕ್ಕಳಿರಲಿಲ್ಲ. ಬಿಟ್ಟುಹೋದದ್ದು ಸಂಘವನ್ನು.

ಅವರ ನಂತರ ಏನಾಯಿತು?

ಬರ್ಗ್ ಬೇಡ ಎಂದಿದ್ದ ಬೀಗದ ಕೈಯನ್ನು 1894ರಲ್ಲಿ ಅವರದೇ ಸಂಘ ತೆಗೆದುಕೊಂಡಿತು. ನದಿಗೆ ಇಳಿಸುವ ಪಂಜರ ನಿಂತಿತು, ಅನಿಲದಿಂದ ಕೊಲ್ಲುವ ಪದ್ಧತಿ ಬಂತು. ನಾಯಿ ಹಿಡಿಯುವುದು, ಇಡುವುದು, ಉಳಿದವನ್ನು ಕೊಲ್ಲುವುದು ಸುಮಾರು 100 ವರ್ಷ ಅವರ ಸಂಘದ ಕೆಲಸವಾಯಿತು. 1990ರ ದಶಕದ ನಡುವೆ ಸಂಘ ಆ ಗುತ್ತಿಗೆ ಬಿಟ್ಟಿತು. ಬರ್ಗ್ ಅಂಜಿದ್ದೇ ಆಯಿತು.

ಈಗ ಮೊದಲ ಫಾರ್ವರ್ಡ್‌ಗೆ ಬನ್ನಿ. ಅಮೆರಿಕದ ಬೀದಿಗಳಲ್ಲಿ ನಾಯಿ ಕಾಣದಿರುವುದಕ್ಕೆ ಶೆಲ್ಟರ್ ಎಂಬ ಕಟ್ಟಡವೊಂದೇ ಕಾರಣವಲ್ಲ. 1970ರ ದಶಕದಲ್ಲಿ ಅಲ್ಲಿನ ಶೆಲ್ಟರ್‌ಗಳಲ್ಲಿ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ನಾಯಿ ಬೆಕ್ಕುಗಳನ್ನು ಕೊಲ್ಲಲಾಗುತ್ತಿತ್ತು ಎಂಬ ಅಂದಾಜಿದೆ. ಈಗ ಆ ಸಂಖ್ಯೆ 10 ಲಕ್ಷಕ್ಕಿಂತ ಕಡಿಮೆ. ಇಳಿದದ್ದು ಸಂತಾನಹರಣ ಶಸ್ತ್ರಚಿಕಿತ್ಸೆ, ಲೈಸೆನ್ಸ್, ಲಸಿಕೆ, ದತ್ತು ಎಲ್ಲವೂ ಸೇರಿದ್ದರಿಂದ. ಬರೀ ಹಿಡಿದು ಕೂಡಿಹಾಕಿದ್ದರಿಂದ ಅಲ್ಲ.

ನಮಗೆ ಇದರಿಂದ ಏನು?

ನಮ್ಮ ದೇಶದಲ್ಲಿ 2001ರಿಂದ ಇರುವ ಮತ್ತು 2023ರಲ್ಲಿ ಹೊಸದಾಗಿ ಬಂದ ಎಬಿಸಿ ನಿಯಮಗಳ ಪ್ರಕಾರ, ಬೀದಿ ನಾಯಿಯನ್ನು ಹಿಡಿದು, ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಂಥ ಕಡೆಯ ನಾಯಿಗಳನ್ನು ಮಾತ್ರ ಅಲ್ಲಿಗೇ ವಾಪಸ್ ಬಿಡದೆ ಶೆಲ್ಟರ್‌ಗೆ ಸೇರಿಸಲು ಹೇಳಿತು. ಅಂದರೆ ಶೆಲ್ಟರ್ ಎಂಬುದು ನಮ್ಮ ಊರುಗಳಿಗೂ ಬಂದ ಪ್ರಶ್ನೆ.

ಹಾಗಾಗಿ ನಾಯಿ ವ್ಯಾನ್ ಬಂದು ಹೋದ ಮೇಲೆ ಬೀದಿ ಶಾಂತವಾಯಿತು ಎಂದು ಸುಮ್ಮನಾಗದೆ ಕೆಲವು ಪ್ರಶ್ನೆ ಕೇಳೋಣ. ನಾಯಿಗಳು ಹೋದದ್ದು ಎಲ್ಲಿಗೆ? ಒಂದು ಗೂಡಿನಲ್ಲಿ ಎಷ್ಟಿವೆ? ಬಂದ ದಿನವೇ ಲಸಿಕೆ ಹಾಕುತ್ತಾರೆಯೇ? ಹೊಸದಾಗಿ ಬಂದವನ್ನು, ಕಾಯಿಲೆಯವನ್ನು ಬೇರೆ ಇಡುತ್ತಾರೆಯೇ? ವೈದ್ಯರು ಇದ್ದಾರೆಯೇ? ಇಕ್ಕಟ್ಟಿನಲ್ಲಿ ಕೂಡಿಟ್ಟರೆ ಪಾರ್ವೊ, ಡಿಸ್ಟೆಂಪರ್ ರೋಗಗಳು ಬೇಗ ಹರಡುತ್ತವೆ. ಯಾರೂ ನದಿಗೆ ಇಳಿಸದೆಯೇ ನಾಯಿಗಳು ಸಾಯುತ್ತವೆ.

ಎರಡನೆಯ ಫಾರ್ವರ್ಡ್‌ಗೆ ನಮ್ಮ ಉತ್ತರ ಇನ್ನೂ ನೇರ. ರೇಬೀಸ್ ಸುಮ್ಮನೆ ಭಯವಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಹೆಚ್ಚುಕಡಿಮೆ ಅಸಾಧ್ಯ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಗಳಿಂದಲೇ ಬರುತ್ತದೆ. ನಾಯಿ ಕಚ್ಚಿದರೆ ಅಥವಾ ಪರಚಿದರೆ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಖಾರದ ಪುಡಿ, ಅರಿಶಿನ, ಸುಣ್ಣ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಹೊಕ್ಕಳ ಸುತ್ತ 14 ಇಂಜೆಕ್ಷನ್ ಎಂಬುದು ಹಳೆಯ ಕಾಲದ ಮಾತು, ಈಗ ಕೊಡುವುದಿಲ್ಲ. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕು, ವೈದ್ಯರನ್ನು ಕೇಳಿ. ಹೇಳಿದ ದಿನಗಳಂದು ಎಲ್ಲ ಡೋಸ್ ಮುಗಿಸಿ. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಮುರಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಬರ್ಗ್‌ಗೆ ಕರುಣೆ ಇತ್ತು, ಲಸಿಕೆಯ ಮೇಲೆ ನಂಬಿಕೆ ಇರಲಿಲ್ಲ. ಅವರ ಕಾಲದ ನಗರಕ್ಕೆ ಭಯ ಇತ್ತು, ಕರುಣೆ ಇರಲಿಲ್ಲ. ಎರಡರ ಬೆಲೆಯನ್ನೂ ನಾಯಿಗಳೇ ತೆತ್ತವು, ಜೊತೆಗೆ ಕಚ್ಚಿಸಿಕೊಂಡ ಮಕ್ಕಳೂ ತೆತ್ತರು. ನಮಗೆ ಇಂದು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಅವಕಾಶವಿದೆ. ಇದನ್ನು ಫಾರ್ವರ್ಡ್ ಮಾಡುವುದಾದರೆ ನಾಯಿ ಪ್ರೇಮಿಗಳ ಗ್ರೂಪಿಗೂ ಕಳಿಸಿ, ನಾಯಿ ಬೇಡ ಎನ್ನುವವರ ಗ್ರೂಪಿಗೂ ಕಳಿಸಿ.