ಗೌಹರ್ ಜಾನರ ನಿಜವಾದ ಕಂಠ ಯಾವುದು?

ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾಗಿದ್ದು, 1930ನೆಯ ಇಸವಿ ಜನವರಿ 17ರಂದು ಆ ನಗರದಲ್ಲಿಯೇ ತೀರಿಕೊಂಡ ಗೌಹರ್ ಜಾನರ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿಯೇ ಇರುವರು. ಹಿಂದೂಸ್ಥಾನದ ಗ್ರಾಮಾಫೋನ್ ಚರಿತ್ರೆಯನ್ನು ಹೇಳಹೊರಟವರು ಆಕೆಯ ಹೆಸರನ್ನು ಮೊದಲಿಗೇ ಹೇಳಬೇಕಾಗುವುದು. ಇತ್ತೀಚೆಗೆ ಆಕೆಯ ಹಾಡುಗಳು ಮೊಬೈಲಿನಲ್ಲಿಯೂ ದೊರೆಯುತ್ತಿರುವುದರಿಂದ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರೂ ರಾತ್ರಿಯ ಕೆಲಸ ಮುಗಿಸಿ ಕೋಣೆ ಸೇರಿದವರೂ ಅವುಗಳನ್ನು ಕೇಳುವಂತಾಗಿದೆ. ಕೇಳಿದವರಿಗೆ ಒಂದು ಸಂದೇಹ ಹುಟ್ಟುವುದು ಸಹಜ. ಮೂವತ್ತರ ಹೊಸ್ತಿಲಲ್ಲಿದ್ದ ಪ್ರೌಢ ಗಾಯಕಿಯ ಕಂಠವು ಹನ್ನೆರಡರ ಬಾಲಿಕೆಯ ಕಂಠದಂತೆ ಏಕೆ ಕೇಳಿಸುತ್ತದೆ? ತಾನಗಳು ರೈಲುಗಾಡಿ ತಪ್ಪಿಹೋಗುವುದೋ ಎಂಬಂತೆ ಏಕೆ ಓಡುತ್ತವೆ? ಆಕೆ ಹಾಡಿದ್ದೇ ಹಾಗೆಯೋ, ಅಥವಾ ಯಂತ್ರವು ಆಕೆಯನ್ನು ಹಾಗೆ ಓಡಿಸುತ್ತಿದೆಯೋ?

ಇದನ್ನು ವಿಚಾರಮಾಡುವ ಮೊದಲು ಆಕೆ ಯಾರೆಂಬುದನ್ನು ತಿಳಿಯುವುದು ಒಳ್ಳೆಯದು.

ಗೌಹರ್ ಜಾನರು 1873ರಲ್ಲಿ ಆಜಂಗಢದಲ್ಲಿ ಜನಿಸಿದರು. ಹುಟ್ಟುಹೆಸರು ಏಂಜಲೀನಾ ಯೋವರ್ಡ್. ತಂದೆ ಆರ್ಮೇನಿಯನ್ ವಂಶದ ಇಂಜಿನಿಯರು. ತಾಯಿ ವಿಕ್ಟೋರಿಯಾ ಸಂಗೀತವನ್ನೂ ಕವಿತೆಯನ್ನೂ ಬಲ್ಲವರು. ಮಗು ಆರು ವರ್ಷದ್ದಾಗಿರುವಾಗ ದಂಪತಿಗಳು ಬೇರೆಯಾದರು. ತಾಯಿ ಮಗಳೊಡನೆ ಕಾಶಿಗೆ ಬಂದು ಇಸ್ಲಾಂ ಧರ್ಮವನ್ನು ಸ್ವೀಕರಿಸಿ ಮಲಕಾ ಜಾನ್ ಎಂದಾದರು; ಮಗಳು ಗೌಹರ್ ಜಾನ್ ಎಂದಾದಳು. 1883ರ ಸುಮಾರಿಗೆ ಇಬ್ಬರೂ ಕಲ್ಕತ್ತೆಗೆ ಹೋಗಿ ನೆಲೆಸಿದರು. ರಾಜ್ಯ ಕಳೆದುಕೊಂಡ ಅವಧದ ನವಾಬ ವಾಜಿದ್ ಅಲಿ ಷಾ ಆಗ ಅಲ್ಲಿಯ ಮಟಿಯಾಬುರ್ಜಿನಲ್ಲಿ ತನ್ನ ಗಾಯಕರನ್ನೂ ನರ್ತಕರನ್ನೂ ಕಟ್ಟಿಕೊಂಡು ವಾಸವಾಗಿದ್ದನು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಮಕ್ಕಳು ಬೇಗನೆ ಬೆಳೆಯುವರೆಂಬುದು ಈ ಹೈದರಾಬಾದಿಗೆ ಬಂದು ಸೇರಿದ ನಮ್ಮವರಿಗೆ ಹೇಳಿಕೊಡಬೇಕಾದ ಮಾತಲ್ಲ. ಹುಡುಗಿಯು ಬಿಂದಾದೀನ್ ಮಹಾರಾಜರಂತಹ ಗುರುಗಳಲ್ಲಿ ಕಲಿತು, 1887ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ದರ್ಭಂಗಾ ಸಂಸ್ಥಾನದಲ್ಲಿ ಮೊದಲ ಕಚೇರಿ ಮಾಡಿದಳು. ಮುಂದಿನ ಹದಿನೈದು ವರ್ಷಗಳಲ್ಲಿ ಕಲ್ಕತ್ತೆಯಲ್ಲಿ ಆಕೆಗೆ ಸರಿಸಮಾನರು ಬಹಳ ಮಂದಿ ಇರಲಿಲ್ಲ.

1902ರ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಾಫೋನ್ ಕಂಪೆನಿಯವರು ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕನ್ ತಜ್ಞರನ್ನು ಕಲ್ಕತ್ತೆಗೆ ಕಳುಹಿಸಿದರು. ಗೌಹರ್ ಜಾನರೂ ಇವರೂ ಒಂದೇ ವರ್ಷ ಹುಟ್ಟಿದವರು. ಧ್ವನಿಮುದ್ರಣದ ಕಾರ್ಯ ನಡೆದದ್ದು ಒಂದು ಹೋಟೆಲಿನ ಕೋಣೆಗಳಲ್ಲಿ ಎಂಬುದು ನಮ್ಮ ವೃತ್ತಿಯವರಿಗೆ ಸಂತೋಷ ಕೊಡುವ ಸಂಗತಿ. ಪ್ರತಿ ಸಾರಿ ಬಂದಾಗಲೂ ಆಕೆ ಹಿಂದೆ ತೊಟ್ಟ ಆಭರಣವನ್ನು ಮತ್ತೆ ತೊಡಲಿಲ್ಲವೆಂದು ಗೈಸ್‌ಬರ್ಗರು ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ.

ಆಗ ಮೈಕು ಇರಲಿಲ್ಲ. ವಿದ್ಯುಚ್ಛಕ್ತಿಯ ಸಹಾಯವೂ ಇರಲಿಲ್ಲ. ಗೋಡೆಯಿಂದ ಹೊರಚಾಚಿದ ಕಹಳೆಯ ಬಾಯಿಗೆ ಮುಖವನ್ನು ಹತ್ತಿರ ಹಿಡಿದು ಗಟ್ಟಿಯಾಗಿ ಹಾಡಬೇಕು. ಕಹಳೆಯ ಕಿರಿದಾದ ತುದಿಯಲ್ಲಿ ಒಂದು ತೆಳುವಾದ ಪೊರೆ. ಅದಕ್ಕೆ ತಗುಲಿದ ಮುಳ್ಳು ಕಂಪಿಸುತ್ತ, ಕೆಳಗೆ ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುವುದು. ತಟ್ಟೆಯನ್ನು ತಿರುಗಿಸಲು, ಗೋಡೆಗಡಿಯಾರದಲ್ಲಿರುವಂತೆ, ಮೇಲಿನಿಂದ ಇಳಿಯುವ ಒಂದು ಭಾರ. ಹಾಡು ಮೂರು ನಿಮಿಷಗಳ ಆಸುಪಾಸಿನಲ್ಲಿ ಮುಗಿಯಬೇಕು. ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಇದು ಜಂಭಕ್ಕಾಗಿ ಹೇಳಿದ ಮಾತಲ್ಲ. ಮೇಣದ ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಪ್ಲೇಟುಗಳಾಗಬೇಕಾಗಿದ್ದವು. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಕಾಗಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆಯುವವರೆಗೂ ಇದೇ ಏರ್ಪಾಡು. 1902ರಿಂದ ಸುಮಾರು 1920ರವರೆಗೆ ಆಕೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ 600ರಷ್ಟು ರೆಕಾರ್ಡುಗಳನ್ನು ಕೊಟ್ಟರೆಂದು ಲೆಕ್ಕ.

ಇನ್ನು ವೇಗದ ವಿಚಾರ. ಹಳೆಯ ಪ್ಲೇಟೆಂದರೆ ನಿಮಿಷಕ್ಕೆ 78 ಸುತ್ತು ಎಂದು ಎಲ್ಲರೂ ಹೇಳುವುದುಂಟು. ಈ 78 ಎಂಬುದು ಹುಟ್ಟಿನಿಂದ ಬಂದ ನಿಯಮವಲ್ಲ. ನಿಮಿಷಕ್ಕೆ 3600 ಸುತ್ತು ತಿರುಗುವ ವಿದ್ಯುತ್ ಮೋಟಾರಿನ ವೇಗವನ್ನು ಹಲ್ಲುಚಕ್ರಗಳ ಮೂಲಕ 46ರಲ್ಲಿ ಒಂದು ಭಾಗಕ್ಕೆ ಇಳಿಸಿದಾಗ ಬರುವ ಸಂಖ್ಯೆ 78.26. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂದ ಬಳಿಕವೇ ಇದು ಎಲ್ಲ ಕಂಪೆನಿಗಳಲ್ಲಿಯೂ ನೆಲೆಗೊಂಡಿತು. ಅದಕ್ಕೆ ಮೊದಲು ಒಬ್ಬನು 70 ಸುತ್ತಿನಲ್ಲಿ ಕೊರೆದರೆ ಇನ್ನೊಬ್ಬನು 80ರಲ್ಲಿ ಕೊರೆಯುತ್ತಿದ್ದನು. ಹಾಡು ಉದ್ದವಾಗಿದ್ದು ತಟ್ಟೆಯಲ್ಲಿ ಸ್ಥಳ ಸಾಲದೆಂದು ಕಂಡರೆ ಯಂತ್ರವನ್ನು ನಿಧಾನ ಮಾಡುವ ರೂಢಿಯೂ ಇತ್ತು. ಪ್ಲೇಟಿನ ಮೇಲಿನ ಚೀಟಿಯಲ್ಲಿ ಸಾಮಾನ್ಯವಾಗಿ ವೇಗವನ್ನು ಮುದ್ರಿಸುತ್ತಿರಲಿಲ್ಲ. ಗೌಹರ್ ಜಾನರ ರೆಕಾರ್ಡುಗಳು ಈ ನಿಯಮವಿಲ್ಲದ ಕಾಲಕ್ಕೇ ಸೇರಿದವು ಎಂಬುದನ್ನು ವಾಚಕರು ಗಮನಿಸಬೇಕು.

ಇದರ ಪರಿಣಾಮವೇನು? 70 ಸುತ್ತಿನಲ್ಲಿ ಕೊರೆದ ಮೂರು ನಿಮಿಷದ ಹಾಡಿನಲ್ಲಿ 210 ಸುತ್ತುಗಳಿರುವುವು. ಅದನ್ನು 78ರಲ್ಲಿ ತಿರುಗಿಸಿದರೆ 2 ನಿಮಿಷ 41 ಸೆಕೆಂಡುಗಳ ಸುಮಾರಿಗೆ ಮುಗಿದುಹೋಗುವುದು. ಲಯವು ಓಡುವುದು, ಅದರೊಡನೆ ಶ್ರುತಿಯೂ ಏರುವುದು. ಎಷ್ಟೆಂದರೆ, ಷಡ್ಜದಲ್ಲಿ ಹಾಡಿದ್ದು ಹೆಚ್ಚುಕಡಮೆ ಶುದ್ಧ ರಿಷಭದ ಎತ್ತರಕ್ಕೆ ಹೋಗುವುದು. ಯಕ್ಷಗಾನ ಬಲ್ಲ ನಮ್ಮ ಕರಾವಳಿಯವರಿಗೆ ಹೇಳುವುದಾದರೆ, ಬಿಳಿ ಒಂದರಲ್ಲಿ ಪದ ಹೇಳಿದ ಭಾಗವತರು ಬಿಳಿ ಎರಡರಲ್ಲಿ ಹೇಳಿದಂತೆ ಕೇಳಿಸುವುದು. ಆದರೆ ರಾಗವು ಕೆಡುವುದಿಲ್ಲ. ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಏರುವುದರಿಂದ ಅವುಗಳ ನಡುವಿನ ಸಂಬಂಧ ಹಾಗೆಯೇ ಉಳಿಯುವುದು. ಇಡ್ಲಿಯ ಹಿಟ್ಟಿಗೆ ಅಕ್ಕಿ ನಾಲ್ಕು ಸೇರು, ಉದ್ದು ಒಂದು ಸೇರು ಎಂದಿರುವಲ್ಲಿ ಎರಡನ್ನೂ ಇಮ್ಮಡಿ ಮಾಡಿದರೆ ಇಡ್ಲಿ ಇಡ್ಲಿಯಾಗಿಯೇ ಇರುವುದಲ್ಲವೇ? ಭೈರವಿಯು ಭೈರವಿಯಾಗಿಯೇ ಉಳಿಯುವುದು. ಕೆಡುವುದು ಹಾಡುವವರ ವ್ಯಕ್ತಿತ್ವ: ಕಂಠದ ತೂಕ, ಉಸಿರಿನ ಅಳತೆ, ಒಂದು ಸ್ವರದ ಮೇಲೆ ನಿಲ್ಲುವ ಸಾವಧಾನ. ತಪ್ಪು ಸಣ್ಣದೆನ್ನುವವರಿದ್ದಾರೆ. ನಮಗೆ ಅದು ಸಣ್ಣದಾಗಿ ಕಾಣುವುದಿಲ್ಲ.

ಹಿಂದಿನ ಕಾಲದಲ್ಲಿ ಇದಕ್ಕೆ ಉಪಾಯ ಕೇಳುವವರ ಕೈಯಲ್ಲಿಯೇ ಇತ್ತು. ಗ್ರಾಮಾಫೋನಿನ ಪಕ್ಕದಲ್ಲಿ ವೇಗವನ್ನು ಹೆಚ್ಚುಕಡಮೆ ಮಾಡುವ ಒಂದು ತಿರುಪು ಇರುತ್ತಿತ್ತು. ಕಿವಿಗೆ ಸರಿಯೆನಿಸುವಂತೆ ಅದನ್ನು ತಿರುಗಿಸಿಕೊಳ್ಳುತ್ತಿದ್ದರು. ಹೋಟೆಲುಗಳಲ್ಲಿ ಗಿರಾಕಿಗಳ ಗದ್ದಲದ ನಡುವೆ ಕೀಲಿ ಕೊಡುವುದನ್ನು ಮರೆತಾಗ ಗಾಯಕಿಯ ಕಂಠ ಕ್ರಮೇಣ ಗಂಡಸಿನದಾಗಿ, ಕೊನೆಗೆ ನಿದ್ದೆಹೋದವರ ಗೊರಕೆಯಾಗುತ್ತಿತ್ತೆಂದು ನಮ್ಮ ಹಿರಿಯರು ಹೇಳಿ ನಗುತ್ತಿದ್ದರು. ಈಗ ಆ ತಿರುಪು ನಮ್ಮ ಕೈಯಲ್ಲಿಲ್ಲ. ಯಾರೋ ಒಬ್ಬರು ಪ್ಲೇಟನ್ನು 78ರಲ್ಲಿ ತಿರುಗಿಸಿ ನಕಲು ತೆಗೆದರೆಂದರೆ, ಅದೇ ವೇಗ, ಅದೇ ಕಂಠ ಸಾವಿರಾರು ಜನರ ಕಿವಿಯಲ್ಲಿ ಗೌಹರ್ ಜಾನರದೆಂದು ಸ್ಥಿರವಾಗಿಹೋಗುವುದು.

ಆಕೆಯ ಗುರುತನ್ನು ಇತರರು ಕದಲಿಸಿದ್ದು ಇದೇ ಮೊದಲಲ್ಲ. ತಾಯಿ ತೀರಿಕೊಂಡ ಬಳಿಕ ಮನೆಯ ಆಳಿನ ಮಗನೊಬ್ಬನು ತಾನೇ ಮಲಕಾ ಜಾನರ ಮಗನೆಂದು ಆಸ್ತಿಗೆ ದಾವೆ ಹೂಡಿದನು. ಇಡೀ ದೇಶಕ್ಕೆ ಹೆಸರು ಕೂಗಿ ಹೇಳಿದ ಹೆಂಗಸು ತಾನು ಯಾರ ಮಗಳೆಂದು ನ್ಯಾಯಾಲಯದಲ್ಲಿ ಸಿದ್ಧಪಡಿಸಬೇಕಾಗಿ ಬಂದಿತು. ಬಾಲ್ಯದಲ್ಲಿ ಅಗಲಿದ ತಂದೆಯನ್ನು ಹುಡುಕಿಸಿ ಸಾಕ್ಷಿ ಹೇಳಿಸಬೇಕಾಯಿತು. 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕೀಬಾಯಿಯವರೊಡನೆ ಚಕ್ರವರ್ತಿಗಳ ಮುಂದೆ ಹಾಡಿದ ಗೌರವ ಆಕೆಯದು. ಆದರೆ ತನ್ನ ವ್ಯವಹಾರ ನೋಡಿಕೊಳ್ಳುತ್ತಿದ್ದವನನ್ನೇ ಮದುವೆಯಾಗಿ, ಅವನೊಡನೆಯೂ ವ್ಯಾಜ್ಯಕ್ಕೆ ನಿಂತು, ಗಳಿಸಿದ್ದರಲ್ಲಿ ಬಹುಭಾಗವನ್ನು ಕಳೆದುಕೊಂಡರು. ಗಾಂಧೀಜಿಯವರ ಸ್ವರಾಜ್ಯ ನಿಧಿಗಾಗಿ ಕಚೇರಿ ಮಾಡಲು ಒಪ್ಪಿದ ಆಕೆ ಗಾಂಧೀಜಿಯವರು ತಾವೇ ಬಂದು ಕೇಳಬೇಕೆಂದಿದ್ದರಂತೆ. ಅವರು ಬಾರದಿದ್ದುದರಿಂದ ಸಂಗ್ರಹದಲ್ಲಿ ಅರ್ಧವನ್ನು ಮಾತ್ರ ಕೊಟ್ಟರೆಂಬ ಕಥೆಯೂ ಪ್ರಚಾರದಲ್ಲಿದೆ. ಲೆಕ್ಕದಲ್ಲಿ ಅಷ್ಟು ಖಂಡಿತವಾಗಿದ್ದವರು ಮನೆಯ ಲೆಕ್ಕದಲ್ಲಿ ಸೋತರೆಂಬುದು ವಿಷಾದದ ಸಂಗತಿ.

ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ಆಶ್ರಯ ಕೊಟ್ಟರು. 1928ರ ಆಗಸ್ಟ್ 1ರಿಂದ ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ಆಕೆ ಮೈಸೂರಿನಲ್ಲಿದ್ದರು. ಭಾಷೆ ಹೊಸದು, ಊರು ಹೊಸದು, ಆರೋಗ್ಯ ಕೆಟ್ಟಿತ್ತು. ಒಂದೂವರೆ ವರ್ಷದೊಳಗೆ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದರು. ಮೈಸೂರಿನ ಹಳೆಯ ದಫ್ತರಗಳನ್ನು ನೋಡುತ್ತಿದ್ದ ಬೆಂಗಳೂರಿನ ವಿಕ್ರಂ ಸಂಪತ್ ಅವರು ಆಕೆಯ ಜಾಡು ಹಿಡಿದು 2010ರಲ್ಲಿ ಇಂಗ್ಲಿಷಿನಲ್ಲಿ ಜೀವನಚರಿತ್ರೆಯೊಂದನ್ನು ಪ್ರಕಟಿಸಿದ್ದಾರೆ.

ಸಾಕ್ಷಿಗಳನ್ನು ಕರೆಯುವುದಾದರೆ, ಆಕೆಯ ಕಂಠದ ವಿಷಯದಲ್ಲಿಯೂ ಕೆಲವು ಸಾಕ್ಷಿಗಳಿವೆ. ಮೊದಲನೆಯದು ಹಾರ್ಮೋನಿಯಂ. ಆ ಕಾಲದ ಪ್ಲೇಟುಗಳಲ್ಲಿ ಹಾಡಿನ ಹಿಂದೆ ಅದು ಕೇಳಿಬರುವುದುಂಟು. ಗಾಯಕಿ ಎಲ್ಲಿ ಬೇಕಾದರೂ ಷಡ್ಜ ಹಿಡಿಯಬಹುದು. ಹಾರ್ಮೋನಿಯಂ ಹಾಗಲ್ಲ, ಅದರ ಸ್ವರ ಒಂದು ಮನೆಯಲ್ಲಿಯೇ ಬರಬೇಕು. ಪ್ಲೇಟನ್ನು ತಿರುಗಿಸಿದಾಗ ಆ ಸ್ವರವು ಎರಡು ಮನೆಗಳ ನಡುವೆ ಸಿಕ್ಕಿಕೊಂಡಿದ್ದರೆ ವೇಗ ತಪ್ಪಿರುವ ಸಂಭವ ಹೆಚ್ಚು. ಆದರೆ ಈ ಸಾಕ್ಷಿಯೂ ಪೂರ್ಣ ನಂಬಿಕೆಗೆ ಯೋಗ್ಯವಲ್ಲ. ಎಲ್ಲ ಪೆಟ್ಟಿಗೆಗಳ ಸ್ವರವೂ ಒಂದೇ ಅಳತೆಯದಾಗಿರಲಿಲ್ಲ. ಮೇಲಾಗಿ ವೇಗವು ಸರಿಯಾಗಿ ಒಂದು ಮನೆಯಷ್ಟು ತಪ್ಪಿದ್ದರೆ ಪೆಟ್ಟಿಗೆ ಸುಮ್ಮನಿರುವುದು.

ಎರಡನೆಯ ಸಾಕ್ಷಿ, ಕೊನೆಯಲ್ಲಿ ಕೂಗಿದ ಆ ಹೆಸರು. ಹಾಡಿನಲ್ಲಿ ಮನುಷ್ಯರು ಎಷ್ಟು ಮೇಲಕ್ಕಾದರೂ ಹೋಗಬಹುದು, ಮಾತಿನಲ್ಲಿ ಹೋಗುವುದು ಅಪರೂಪ. ಮಾತು ಅಸಹಜವಾಗಿ ಚಿಲಿಪಿಲಿಗುಟ್ಟಿದರೆ ಹಾಡೂ ಓಡುತ್ತಿದೆಯೆಂದು ತಿಳಿಯಬಹುದು. ಹ್ಯಾನೋವರಿನ ಕೆಲಸಗಾರರಿಗಾಗಿ ಹೇಳಿದ ನಾಲ್ಕು ಶಬ್ದ ನೂರು ವರ್ಷ ಕಳೆದ ಮೇಲೆ ಹೀಗೆ ಉಪಯೋಗಕ್ಕೆ ಬರುವುದೆಂದು ಯಾರು ಎಣಿಸಿದ್ದರು! ಕಹಳೆಗೆ ಕೇಳಿಸುವಂತೆ ಕೂಗಿದ್ದರಿಂದ ಸ್ವಲ್ಪ ಎತ್ತರ ಸಹಜವೆಂಬುದನ್ನು ಮಾತ್ರ ಕಳೆಯಬೇಕು.

ಹಾಗೆಂದು ಸಣ್ಣ ಕಂಠ ಕೇಳಿದೊಡನೆ ವೇಗ ತಪ್ಪಿದೆಯೆಂದು ತೀರ್ಮಾನಿಸುವುದು ಅವಸರವಾದೀತು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಪ್ರಾರಂಭದ ರೆಕಾರ್ಡುಗಳಲ್ಲಿ ಕಂಠ ಎಷ್ಟು ತೆಳುವಾಗಿದೆಯೆಂದರೆ, ಅವರ ಮುಂದಿನ ಗಂಭೀರ ಕಂಠವನ್ನು ಮಾತ್ರ ಬಲ್ಲವರು ನಂಬಲಾರರು. ಅಲ್ಲಿ ತಪ್ಪು ಯಂತ್ರದ್ದಲ್ಲ. ಗಂಟಲಿನ ಚಿಕಿತ್ಸೆಯ ಬಳಿಕ ಅವರ ಕಂಠವೇ ಬದಲಾಯಿತು. ಆ ಪ್ಲೇಟುಗಳನ್ನು ನಿಧಾನಗೊಳಿಸಿ ತಿದ್ದಹೊರಟರೆ ಇಲ್ಲದ ಗಂಗೂಬಾಯಿಯನ್ನು ಸೃಷ್ಟಿಸಿದಂತಾಗುವುದು. ಅಮೆರಿಕದಲ್ಲಿಯೂ ಇಂತಹ ವಾದವೊಂದು ನಡೆದಿದೆ. ಅಲ್ಲಿಯ ಕಪ್ಪು ಜನರ ಬ್ಲೂಸ್ ಎಂಬ ಹಾಡುಗಾರಿಕೆಯಲ್ಲಿ ಪ್ರಖ್ಯಾತನಾದ ರಾಬರ್ಟ್ ಜಾನ್ಸನ್ 1938ರಲ್ಲಿ, ಇನ್ನೂ ಯುವಕನಾಗಿರುವಾಗಲೇ, ಸತ್ತನು. ಅವನು ಬಿಟ್ಟುಹೋದದ್ದು 29 ಹಾಡುಗಳು. ಅವೆಲ್ಲ ಶೇಕಡಾ 20ರಷ್ಟು ವೇಗವಾಗಿ ಓಡುತ್ತಿವೆ, ನಿಧಾನ ಮಾಡಿದರೆ ನಿಜವಾದ ಜಾನ್ಸನ್ ಕೇಳಿಸುವನು ಎಂದು ಕೆಲವರು ವಾದಿಸಿದರು. ಅವನ ಹಾಡುಗಳನ್ನು ಮುದ್ರಿಸಿದ್ದು 1936ರ ನವೆಂಬರಿನಲ್ಲಿ ಒಂದು ಊರಿನಲ್ಲಿ, 1937ರ ಜೂನಿನಲ್ಲಿ ಇನ್ನೊಂದು ಊರಿನಲ್ಲಿ. ಏಳು ತಿಂಗಳ ಅಂತರದಲ್ಲಿ ಎರಡು ಕಡೆಯೂ ಯಂತ್ರ ಒಂದೇ ಅಳತೆಯಲ್ಲಿ ತಪ್ಪಿತೆಂದು ನಂಬುವುದು ಕಷ್ಟ. ಮೇಲಾಗಿ ಆಗ 78ರ ನಿಯಮ ನೆಲೆಗೊಂಡಿತ್ತು. ಜಾನ್ಸನ್ನನ ವಿಷಯದಲ್ಲಿ ಆ ವಾದವನ್ನು ನಾವು ಒಪ್ಪುವುದಿಲ್ಲ. ಗೌಹರ್ ಜಾನರ ವಿಷಯ ಬೇರೆ. ಅಲ್ಲಿ ನಿಯಮವೇ ಇರಲಿಲ್ಲ. ಅದಕ್ಕಾಗಿ ಎಲ್ಲ ಪ್ಲೇಟುಗಳಿಗೂ ಒಂದೇ ಮದ್ದು ಹಾಕದೆ, ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ನಕಲು ತೆಗೆದು ಹಂಚುವವರು ತಾವು ಯಾವ ವೇಗದಲ್ಲಿ ತಿರುಗಿಸಿದೆವೆಂಬುದನ್ನು ಹಾಡಿನ ಹೆಸರಿನೊಡನೆ ತಪ್ಪದೆ ಬರೆಯಬೇಕು. ಇಷ್ಟನ್ನು ಕೇಳುವ ಹಕ್ಕು ಕೇಳುಗರಿಗಿದೆ.

ಸ್ವತಃ ಪರೀಕ್ಷಿಸಬೇಕೆನ್ನುವ ವಾಚಕರಿಗೆ ಒಂದು ಸೂಚನೆ. ಮೊಬೈಲಿನಲ್ಲಿ ಹಾಡನ್ನು ನಿಧಾನ ಮಾಡುವ ಗುಂಡಿಯೇನೋ ಇದೆ. ಆದರೆ ಸಾಮಾನ್ಯವಾಗಿ ಅದು ಲಯವನ್ನು ಮಾತ್ರ ಇಳಿಸಿ ಶ್ರುತಿಯನ್ನು ಇದ್ದಲ್ಲಿಯೇ ನಿಲ್ಲಿಸುವುದು. ಹಳೆಯ ಗ್ರಾಮಾಫೋನಿನ ತಿರುಪಿನ ಕೆಲಸ ಅದರಿಂದ ಆಗದು. ಲಯ ಶ್ರುತಿ ಎರಡನ್ನೂ ಒಟ್ಟಿಗೆ ಇಳಿಸುವ ಸಾಧನಗಳು ಕಂಪ್ಯೂಟರಿನಲ್ಲಿ ದೊರೆಯುತ್ತವೆ. ಆಫೀಸುಗಳಲ್ಲಿ ಕೆಲಸಮಾಡುವ ನಮ್ಮ ಗುಮಾಸ್ತ ಮಿತ್ರರಿಗೆ ಅವು ಕಷ್ಟವಾಗಲಾರವು. ಮೊದಲು ಶೇಕಡಾ 5ರಷ್ಟು ಇಳಿಸಿ, ಹಾಡನ್ನು ಬಿಟ್ಟು, ಕೊನೆಯಲ್ಲಿ ಹೆಸರು ಹೇಳುವ ಆ ಒಂದೆರಡು ಸೆಕೆಂಡುಗಳನ್ನು ಮಾತ್ರ ಕೇಳಿ ನೋಡಬಹುದು.