ಸರ್ ಜಮಶೇಟಜಿಯವರೂ ಮುಂಬಯಿಯ ಬೀದಿನಾಯಿಗಳೂ

ಸರ್ ಜಮಶೇಟಜಿ ಜೀಜೀಭಾಯಿಯವರ ಹೆಸರನ್ನು ಕೇಳಿದೊಡನೆ ವಾಚಕರಿಗೆ ನೆನಪಾಗುವದು ಮುಂಬಯಿಯ ದೊಡ್ಡ ಆಸ್ಪತ್ರೆ, ಇಲ್ಲವೆ ಧಾರವಾಡದ ಕಡೆಯ ಎಷ್ಟೋ ಚಿತ್ರಕಾರರು ಕಲಿತು ಬಂದ ಕಲಾಶಾಲೆ. ಭೂಲೇಶ್ವರದ ಪಾಂಜರಪೋಳವನ್ನು ಅವರ ಹೆಸರಿನೊಡನೆ ಸ್ಮರಿಸುವವರು ವಿರಳ. ಆದರೆ ಆ ಮಹನೀಯರ ಬುದ್ಧಿಯನ್ನೂ ಹೃದಯವನ್ನೂ ಒಟ್ಟಿಗೆ ತೋರಿಸುವ ಕಾರ್ಯವು ಆಸ್ಪತ್ರೆಗಿಂತಲೂ ಮೊದಲಿನದಾದ ಈ ಪಾಂಜರಪೋಳವೇ ಎಂದು ನಮ್ಮ ಮತ.

೧೭೮೩ರಲ್ಲಿ ಬಡ ಪಾರಸಿ ಮನೆತನದಲ್ಲಿ ಹುಟ್ಟಿದ ಜಮಶೇಟಜಿಯವರು ಚಿಕ್ಕ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡರು. ಮುಂಬಯಿಯಲ್ಲಿ ಸೀಸೆಗಳ ವ್ಯಾಪಾರ ಮಾಡುತ್ತಿದ್ದ ಬಂಧುವಿನ ಆಸರೆಯಲ್ಲಿ ಬೆಳೆದು, ಆತನ ಮಗಳಾದ ಆವಾಬಾಯಿಯವರನ್ನೇ ವರಿಸಿದರು. ವ್ಯಾಪಾರಕ್ಕಾಗಿ ಚೀನಕ್ಕೆ ಐದು ಸಲ ಸಮುದ್ರಯಾನ ಮಾಡಿದರು. ೧೮೦೫ರಲ್ಲಿ ಅವರಿದ್ದ ಹಡಗನ್ನು ಫ್ರೆಂಚರು ಹಿಡಿದು ಆಫ್ರಿಕದ ತುದಿಯವರೆಗೆ ಒಯ್ದುದರಿಂದ ಕೈಯಲ್ಲಿದ್ದುದೆಲ್ಲ ಹೋಯಿತು. ಆದರೂ ಮುಂದೆ ಹತ್ತಿಯಲ್ಲಿಯೂ ಅಫೀಮಿನಲ್ಲಿಯೂ ಅಪಾರ ಸಂಪತ್ತನ್ನು ಗಳಿಸಿದರು. ಈ ಅಫೀಮಿನ ಸಂಗತಿಯನ್ನು ಮುಚ್ಚಿಡುವದು ಚರಿತ್ರಕಾರನಿಗೆ ಸಲ್ಲದು. ಮುಂಬಯಿಯ ಮೂಕಪ್ರಾಣಿಗೆ ಮರುಗಿದ ಹೃದಯವು ಚೀನದ ಮನುಷ್ಯನಿಗೆ ಮರುಗಲಿಲ್ಲವೇಕೆ ಎಂದು ಕೇಳುವವರಿಗೆ ಕೊಡತಕ್ಕ ಸಮಾಧಾನವು ನಮ್ಮಲ್ಲಿಲ್ಲ.

ಇನ್ನು ನಾಯಿಗಳ ಮಾತಿಗೆ ಬರೋಣ. ವರ್ಷದ ಕೆಲವು ನಿಗದಿಯಾದ ದಿನಗಳಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ಪದ್ಧತಿಯನ್ನು ಕಂಪನಿ ಸರಕಾರವು ೧೮೧೩ರಿಂದ ಮುಂಬಯಿಯಲ್ಲಿ ನಡೆಸಿಕೊಂಡು ಬಂದಿತ್ತು. ಹುಚ್ಚುನಾಯಿಯ ಭಯವು ಸುಳ್ಳಾಗಿರಲಿಲ್ಲ. ಪಾಶ್ಚರರ ಚುಚ್ಚುಮದ್ದು ದೊರೆತುದೇ ೧೮೮೫ರಲ್ಲಿ. ಆದರೆ ಉಪಾಯವು ಮಾತ್ರ ಕೆಟ್ಟುದಾಗಿದ್ದಿತು. ಕೊಂದ ನಾಯಿಯೊಂದಕ್ಕೆ ಎಂಟಾಣೆಯಂತೆ ಇನಾಮು ಗೊತ್ತುಮಾಡಿದ್ದರಿಂದ, ಕೊಲ್ಲುವವರು ಬೀದಿಯ ನಾಯಿ ಯಾವುದು, ಮನೆಯ ನಾಯಿ ಯಾವುದು ಎಂದು ನೋಡುವ ಗೋಜಿಗೆ ಹೋಗದೆ ಅಂಗಳದೊಳಕ್ಕೂ ನುಗ್ಗತೊಡಗಿದರು. ದಯೆಯಿಲ್ಲದ ಕಟ್ಟಳೆಗೆ ದುಡ್ಡಿನ ಆಸೆಯೂ ಕೂಡಿದರೆ ಇನ್ನೇನಾದೀತು? ೧೮೩೨ರಲ್ಲಿ ಈ ಅವಧಿಯನ್ನು ಜೂನ್ ತಿಂಗಳಿಗೂ ಬೆಳೆಸಲಾಯಿತು.

ಪಾರಸಿಗಳಿಗೆ ನಾಯಿಯು ಪವಿತ್ರವಾದ ಪ್ರಾಣಿ. ಸತ್ತವನ ಮುಖವನ್ನು ನಾಯಿಗೆ ತೋರಿಸುವದು ಅವರ ಅಂತ್ಯವಿಧಿಯ ಒಂದು ಅಂಗ. ಪರಲೋಕದ ಸೇತುವೆಯನ್ನು ನಾಯಿಗಳು ಕಾಯುತ್ತವೆಂದು ಅವರ ನಂಬುಗೆ. ಜೂನ್ ೬ನೆಯ ತಾರೀಖು ಅವರಿಗೆ ಪುಣ್ಯದಿನವಾಗಿದ್ದಿತು. ಅಂದು ಕೋಟೆಯಲ್ಲಿ ನಾಯಿ ಕೊಲ್ಲಲು ಬಂದ ಪೋಲೀಸರ ಮೇಲೆ ಜನರು ಏರಿಹೋದರು. ಮರುದಿನ ಅಂಗಡಿಗಳೆಲ್ಲ ಮುಚ್ಚಿದವು. ಕುಲಾಬೆಯ ದಂಡಿಗೆ ಹೋಗತಕ್ಕ ಆಹಾರಸಾಮಗ್ರಿಯು ನಿಂತಿತು. ಪಾರಸಿಗಳೊಡನೆ ಹಿಂದುಗಳೂ ಜೈನರೂ ಇಸ್ಮಾಯಿಲಿ ಮುಸಲ್ಮಾನರೂ ಸೇರಿದರು. ಅದೇ ಮುಂಬಯಿಯಲ್ಲಿ ೧೮೮೫ರಲ್ಲಿ ಕಾಂಗ್ರೆಸ್ಸು ಮೊದಲ ಸಲ ನೆರೆಯುವದಕ್ಕೆ ಐವತ್ಮೂರು ವರ್ಷ ಮುಂಚೆ, ನಾಯಿಗಳ ನಿಮಿತ್ತದಿಂದ, ಎಲ್ಲ ಮತದವರೂ ಕೂಡಿ ಹರತಾಳ ಹೂಡಿದ್ದರೆಂಬುದು ಗಮನಿಸತಕ್ಕ ಸಂಗತಿ. ಸರಕಾರವು ದಂಡನ್ನು ಕರೆಯಿಸಿ ಮುಂದಾಳುಗಳನ್ನು ಸೆರೆಹಿಡಿಯಿತು.

ಆಗ ಜಮಶೇಟಜಿಯವರು ನಡೆದುಕೊಂಡ ರೀತಿಯು ಎಲ್ಲರಿಗೂ ಮೆಚ್ಚುಗೆಯಾಗಲಿಕ್ಕಿಲ್ಲ. ಅವರು ಗುಂಪಿನಲ್ಲಿ ಕೂಡಲಿಲ್ಲ. ದೊಂಬಿ ತಮಗೆ ಸಮ್ಮತವಲ್ಲವೆಂದು ದೂರ ನಿಂತರು. ಆದರೆ ದೂರ ನಿಂತು ಸುಮ್ಮನಿರಲಿಲ್ಲ. ಇತರ ಶೇಠರೊಡನೆ ಸರಕಾರಕ್ಕೆ ಅರ್ಜಿ ಹಾಕಿ, ಸಿಕ್ಕಿಬಿದ್ದವರ ಮೇಲೆ ದಯೆ ತೋರಬೇಕೆಂದೂ ನಾಯಿಗಳನ್ನು ಕೊಲ್ಲುವದಕ್ಕೆ ಬದಲು ಊರ ಹೊರಗೆ ಸಾಗಿಸಬೇಕೆಂದೂ ಬೇಡಿಕೊಂಡರು. ನಾಯಿಗಳನ್ನು ಸಾಗಿಸುವ ಮಾತಿಗೆ ಸರಕಾರವು ಒಪ್ಪಬೇಕಾಯಿತು. ಅಂಗಡಿಗಳು ಮುಚ್ಚದಿದ್ದರೆ ಆ ಅರ್ಜಿಯನ್ನು ಯಾರೂ ಓದುತ್ತಿರಲಿಲ್ಲವೆಂದು ನಾವು ಬಲವಾಗಿ ನಂಬುತ್ತೇವೆ. ಅಂತೆಯೇ ಅರ್ಜಿಯಿಲ್ಲದಿದ್ದರೆ ಹರತಾಳದ ಫಲವು ಸೆರೆಮನೆಯಲ್ಲಿಯೇ ಮುಗಿಯುತ್ತಿದ್ದಿತು.

ಬೇರೆಯವರಾಗಿದ್ದರೆ ಇಷ್ಟಕ್ಕೇ ತೃಪ್ತರಾಗುತ್ತಿದ್ದರು. ಊರ ಹೊರಗೆ ಬಿಟ್ಟ ನಾಯಿಯು ಹಸಿದು ಸಾಯುವದು, ಇಲ್ಲವೆ ಊರಿಗೇ ತಿರುಗಿ ಬರುವದು. ಕೊಲ್ಲಬೇಡಿರೆಂದು ಹೇಳಿದವರ ಮೇಲೆ ಸಾಕುವ ಹೊಣೆಯೂ ಬೀಳುವದೆಂಬುದನ್ನು ಜಮಶೇಟಜಿಯವರೂ ಅವರ ವ್ಯಾಪಾರದ ಪಾಲುಗಾರರಾದ ಜೈನ ಶೇಠ ಮೋತಿಚಂದ ಅಮೀಚಂದರೂ ಅರಿತರು. ೧೮೩೪ನೆಯ ಅಕ್ಟೋಬರ ೧೮ರಂದು ಮುಂಬಯಿಯ ಪಾಂಜರಪೋಳವು ಸ್ಥಾಪಿತವಾಯಿತು. ಒಬ್ಬಿಬ್ಬರ ದಾನವು ಅವರೊಡನೆಯೇ ತೀರಿಹೋಗುವದೆಂದು ತಿಳಿದು, ಪೇಟೆಯ ವ್ಯಾಪಾರಿಗಳು ತಮ್ಮ ಸರಕಿನ ಮೇಲೆ ತಾವೇ ಸಣ್ಣದೊಂದು ಲಾಗವನ್ನು ಹಾಕಿಕೊಂಡು ಅದರ ಖರ್ಚಿಗೆ ದಾರಿ ಮಾಡಿದರು. ಸರಕಾರದ ಬೊಕ್ಕಸದ ಕಡೆಗೆ ಕೈಚಾಚದೆ ನಡೆದ ಈ ಏರ್ಪಾಡಿನಲ್ಲಿ ನಮ್ಮ ನಗರಸಭೆಗಳವರು ಕಲಿಯತಕ್ಕದ್ದು ಬಹಳವಿದೆ. ನಾಯಿಗಳಿಗೆಂದು ತೆರೆದ ಬಾಗಿಲಿನಲ್ಲಿ ಮುಂದೆ ಮುದಿ ಎತ್ತು, ಗೊಡ್ಡು ಆಕಳುಗಳೂ ಒಳಗೆ ಬಂದವು.

ಉಳಿದ ಕೀರ್ತಿಯು ಆ ಮೇಲೆ ಬಂದಿತು. ೧೮೪೨ರಲ್ಲಿ ಸರ್ ಪದವಿ, ೧೮೪೫ರಲ್ಲಿ ಆಸ್ಪತ್ರೆ, ಅದೇ ವರ್ಷ ಆವಾಬಾಯಿಯವರ ಹಣದಿಂದಾದ ಮಾಹೀಮಿನ ಸೇತುಮಾರ್ಗ, ೧೮೫೭ರಲ್ಲಿ ಬ್ಯಾರೊನೆಟ್ ಪದವಿ. ಭಾರತೀಯರಲ್ಲಿ ಈ ಎರಡು ಪದವಿಗಳನ್ನೂ ಮೊದಲು ಪಡೆದವರು ಅವರೇ. ೧೮೫೯ನೆಯ ಏಪ್ರಿಲದಲ್ಲಿ ತೀರಿಕೊಂಡರು.

೨೦೨೫ರ ಆಗಸ್ಟ ೧೧ರಂದು ಸುಪ್ರೀಮ ಕೋರ್ಟು ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಸ್ಥಾನಗಳಲ್ಲಿ ಇಡಬೇಕೆಂದು ಆಜ್ಞಾಪಿಸಿತು. ಅಷ್ಟು ನಾಯಿಗಳಿಗೆ ಸ್ಥಳವೆಲ್ಲಿ, ಕೂಳೆಲ್ಲಿ ಎಂಬ ಕೂಗೆದ್ದಿತು. ಹನ್ನೊಂದು ದಿನಗಳಲ್ಲಿ ಆಜ್ಞೆಯು ಮಾರ್ಪಟ್ಟಿತು. ಕೊಲ್ಲಬೇಕೆನ್ನುವವರೂ ಕೊಲ್ಲಬಾರದೆನ್ನುವವರೂ ಆ ದಿನಗಳಲ್ಲಿ ಬೇಕಾದಷ್ಟು ಮಾತಾಡಿದರು. ತಮ್ಮ ಸರಕಿನ ಮೇಲೆ ಲಾಗ ಹಾಕಿಕೊಳ್ಳುತ್ತೇವೆಂದು ಯಾವ ಪೇಟೆಯವರೂ ಮುಂದೆ ಬಂದುದನ್ನು ನಾವು ಕೇಳಲಿಲ್ಲ. ಭೂಲೇಶ್ವರದ ಇಕ್ಕಟ್ಟಾದ ಗಲ್ಲಿಗಳ ನಡುವೆ ಪಾಂಜರಪೋಳವು ಇನ್ನೂ ಇದೆ. ಅಲ್ಲಿ ಈಗ ಕಾಣುವವು ಹೆಚ್ಚಾಗಿ ಆಕಳುಗಳು.